ಸಿಲೋನಿನ ತಮಿಳರ ನಾಯಕ ಚೆಲ್ವನಾಯಕಂ

ಪ್ರಜಾಪ್ರಭುತ್ವದ ಗುಣಗಳನ್ನು ಎಣಿಸುವಾಗ ನಮ್ಮ ರಾಜ್ಯಶಾಸ್ತ್ರದ ಪಠ್ಯಪುಸ್ತಕಗಳು ಮುಖ್ಯವಾಗಿ ಹೇಳುವ ಮಾತೊಂದಿದೆ. ಈ ಪದ್ಧತಿಯಲ್ಲಿ ರಕ್ತಪಾತವಿಲ್ಲದೆ ಸರ್ಕಾರವನ್ನು ಬದಲಾಯಿಸಬಹುದು. ಇಂದು ಸೋತ ಪಕ್ಷ ನಾಳೆ ಗೆಲ್ಲಬಹುದು. ಆದುದರಿಂದ ಸೋತವರು ತಾಳ್ಮೆಯಿಂದಿರಬೇಕು ಎಂಬುದೇ ಆ ಮಾತು. ಇದು ನಿಜವೇ ಸರಿ. ಆದರೆ ಇದು ಪಕ್ಷಗಳಿಗೆ ಅನ್ವಯಿಸಿದಷ್ಟು ಸುಲಭವಾಗಿ ಜನಾಂಗಗಳಿಗೆ ಅನ್ವಯಿಸುವುದಿಲ್ಲ. ನೂರರಲ್ಲಿ ಹನ್ನೊಂದು ಮಂದಿ ಇರುವ ಒಂದು ಜನಾಂಗವು ಎಷ್ಟು ಚೆನ್ನಾಗಿ ಪ್ರಚಾರ ಮಾಡಿದರೂ ಮುಂದಿನ ಚುನಾವಣೆಯಲ್ಲಿ ಐವತ್ತೊಂದಾಗಲಾರದು. ಅಂಥವರ ಪಾಲಿಗೆ ಸರ್ಕಾರದ ಬದಲಾವಣೆ ಎಂದರೇನು? ಅದರಿಂದ ಅವರಿಗೆ ದೊರೆಯುವುದೇನು, ಕಳೆದುಹೋಗುವುದೇನು?

ಈ ಪ್ರಶ್ನೆಯನ್ನು ತತ್ತ್ವದ ರೀತಿಯಲ್ಲಿ ಚರ್ಚಿಸುವಷ್ಟು ಪಾಂಡಿತ್ಯ ನನಗಿಲ್ಲ. ಆದರೆ ಒಬ್ಬ ಮನುಷ್ಯನ ಬಾಳಿನಲ್ಲಿ ಇದಕ್ಕೆ ಉತ್ತರವನ್ನು ಹುಡುಕಬಹುದೆಂದು ನನಗೆ ತೋರಿತು. ಆತನು ಸಿಲೋನಿನ ತಮಿಳರು ತಂದೈ ಚೆಲ್ವಾ, ಎಂದರೆ ಚೆಲ್ವಾ ತಂದೆ, ಎಂದು ಗೌರವದಿಂದ ಕರೆದ ಎಸ್. ಜೆ. ವಿ. ಚೆಲ್ವನಾಯಕಂ. ಗಾಂಧೀಜಿಯವರ, ಲಿಂಕನ್ನರ ಚರಿತ್ರೆಗಳನ್ನು ನಾವೆಲ್ಲರೂ ಓದಿದ್ದೇವೆ. ಪಕ್ಕದ ದ್ವೀಪದ ಈ ಮಿತಭಾಷಿಯ ಹೆಸರು ಮಾತ್ರ ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿಯದು. ಆದುದರಿಂದ ಅವರ ಜೀವನವನ್ನು ನನ್ನ ಸಹಪಾಠಿಗಳ ಮುಂದಿಡಲು ಇಲ್ಲಿ ಪ್ರಯತ್ನಿಸಿದ್ದೇನೆ.

ಸ್ಯಾಮ್ಯುಯಲ್ ಜೇಮ್ಸ್ ವೇಲುಪ್ಪಿಳ್ಳೆ ಚೆಲ್ವನಾಯಕಂ ಅವರು ಹುಟ್ಟಿದ್ದು ಸಿಲೋನಿನಲ್ಲಲ್ಲ, ಮಲಯದ ಈಪೋ ನಗರದಲ್ಲಿ, 1898ನೆಯ ಇಸವಿ ಮಾರ್ಚ್ 31ರಂದು. ಆ ಕಾಲದಲ್ಲಿ ಜಾಫ್ನದ ವಿದ್ಯಾವಂತ ತಮಿಳರು ಹೊಟ್ಟೆಪಾಡಿಗಾಗಿ ಮಲಯಕ್ಕೆ ಹೋಗುವುದು ಸಾಮಾನ್ಯವಾಗಿತ್ತು. ಅವರ ತಂದೆಯೂ ಹಾಗೆ ಹೋದವರು. ಬಾಲಕನಿಗೆ ನಾಲ್ಕು ವರ್ಷವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ಜಾಫ್ನದ ಸಮೀಪದ ತೆಳ್ಳಿಪ್ಪಳೈ ಎಂಬ ಹಳ್ಳಿಗೆ ಬಂದು ನೆಲೆಸಿದರು. ಮಳೆ ಕಡಿಮೆಯಾದ, ಬಾವಿಯ ನೀರು ಸೇದಿ ತೋಟ ಬೆಳೆಯುವ ಪ್ರದೇಶ ಅದು. ಅಲ್ಲಿ ಜಮೀನಿಗಿಂತ ಹೆಚ್ಚಾಗಿ ವಿದ್ಯೆಯೇ ಆಸ್ತಿ. ಕ್ರೈಸ್ತ ಮಿಷನರಿಗಳ ಶಾಲೆಗಳು ಅಲ್ಲಿ ಬಹುಕಾಲದಿಂದ ನಡೆಯುತ್ತಿದ್ದವು. ಚೆಲ್ವನಾಯಕಂ ಅವರ ಮನೆತನವೂ ಕ್ರೈಸ್ತ ಮತಕ್ಕೆ ಸೇರಿದುದು.

ತೆಳ್ಳಿಪ್ಪಳೈಯ ಯೂನಿಯನ್ ಕಾಲೇಜು, ಜಾಫ್ನದ ಸೇಂಟ್ ಜಾನ್ಸ್ ಕಾಲೇಜು, ಅನಂತರ ಕೊಲಂಬೋ ಕಡೆಯ ಸೇಂಟ್ ಥಾಮಸ್ ಕಾಲೇಜು, ಹೀಗೆ ಅವರ ವ್ಯಾಸಂಗ ಸಾಗಿತು. ಮುಂದೆ ಪ್ರಧಾನ ಮಂತ್ರಿಯಾಗಿ ಅವರೊಡನೆ ಒಡಂಬಡಿಕೆ ಮಾಡಿಕೊಂಡ ಎಸ್. ಡಬ್ಲ್ಯು. ಆರ್. ಡಿ. ಬಂಡಾರನಾಯಕೆಯವರೂ ಈ ಸೇಂಟ್ ಥಾಮಸ್ ಕಾಲೇಜಿನಲ್ಲೇ ಓದಿದವರು. ಚೆಲ್ವನಾಯಕಂ ಲಂಡನ್ ವಿಶ್ವವಿದ್ಯಾನಿಲಯದ ವಿಜ್ಞಾನ ಪದವಿಯನ್ನು ಊರಲ್ಲಿದ್ದುಕೊಂಡೇ ಪಡೆದರು. ಕೆಲವು ಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದು, ಪಾಠ ಹೇಳುತ್ತಲೇ ಕಾನೂನನ್ನು ಓದಿ, 1920ರ ದಶಕದಲ್ಲಿ ವಕೀಲರಾದರು. ಜಮೀನು, ಆಸ್ತಿ, ಉಯಿಲುಗಳಿಗೆ ಸಂಬಂಧಿಸಿದ ಸಿವಿಲ್ ವ್ಯಾಜ್ಯಗಳಲ್ಲಿ ಅವರು ಹೆಸರು ಗಳಿಸಿ, ಕಿಂಗ್ಸ್ ಕೌನ್ಸೆಲ್ ಎಂಬ ಗೌರವಕ್ಕೂ ಪಾತ್ರರಾದರು.

ವೇದಿಕೆಯ ಮೇಲೆ ಗುಡುಗುವ ಶಕ್ತಿ ಅವರಿಗಿರಲಿಲ್ಲ. ಕೃಶವಾದ ದೇಹ, ಮೆಲುದನಿ. ಮುಂದೆ ಕಂಪವಾತದ ರೋಗ ಬಂದು ಆ ದನಿಯೂ ಕ್ಷೀಣಿಸಿತು, ಕಿವಿಯೂ ಮಂದವಾಯಿತು. ಬಹುಮಟ್ಟಿಗೆ ಹಿಂದೂಗಳಾದ ಒಂದು ಜನ, ಮಾತಿನ ಮೋಡಿಯಿಲ್ಲದ ಒಬ್ಬ ಕ್ರೈಸ್ತ ವಕೀಲನನ್ನು ಎರಡು ದಶಕಗಳಿಗೂ ಮಿಕ್ಕಿ ತಮ್ಮ ನಾಯಕನೆಂದು ಒಪ್ಪಿಕೊಂಡಿತು ಎಂಬುದೇ ಒಂದು ಸೋಜಿಗ. ಅವರು ಲಾಭಕ್ಕಾಗಿ ಮಾತು ಬದಲಾಯಿಸುವವರಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣವಾಗಿರಬೇಕು.

ಇನ್ನು ಅಂದಿನ ಸಿಲೋನಿನ ಸ್ಥಿತಿಯನ್ನು ಸ್ವಲ್ಪ ನೋಡೋಣ. 1946ರ ಜನಗಣತಿಯಂತೆ ದ್ವೀಪದ ಜನರಲ್ಲಿ ನೂರಕ್ಕೆ ಸುಮಾರು 70 ಮಂದಿ ಸಿಂಹಳೀಯರು. ತಮಿಳರಲ್ಲಿ ಎರಡು ಪಂಗಡ. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಶತಮಾನಗಳಿಂದ ನೆಲೆಸಿದ್ದ ಸಿಲೋನ್ ತಮಿಳರು ನೂರಕ್ಕೆ 11. ಕಾಫಿ ಮತ್ತು ಚಹಾ ತೋಟಗಳ ಕೂಲಿಗಾಗಿ ಬ್ರಿಟಿಷರು ಮದರಾಸು ಪ್ರಾಂತದಿಂದ ಕರೆತಂದವರ ಸಂತತಿಯಾದ ಭಾರತೀಯ ತಮಿಳರು ನೂರಕ್ಕೆ ಸುಮಾರು 12. ತಮಿಳು ಮಾತನಾಡುವ ಮುಸ್ಲಿಮರು ತಮ್ಮನ್ನು ಪ್ರತ್ಯೇಕ ಸಮುದಾಯವೆಂದೇ ಎಣಿಸುತ್ತಿದ್ದರು. 1944ರಲ್ಲಿ ಜಿ. ಜಿ. ಪೊನ್ನಂಬಲಂ ಎಂಬ ವಾಗ್ಮಿ ವಕೀಲರು ತಮಿಳ್ ಕಾಂಗ್ರೆಸ್ಸನ್ನು ಸ್ಥಾಪಿಸಿ, ಶಾಸನಸಭೆಯಲ್ಲಿ ಅರ್ಧದಷ್ಟು ಸ್ಥಾನಗಳು ಅಲ್ಪಸಂಖ್ಯಾತರೆಲ್ಲರಿಗೂ ಸೇರಿ ಮೀಸಲಾಗಬೇಕೆಂದು ಸೋಲ್ಬರಿ ಆಯೋಗದ ಮುಂದೆ ವಾದಿಸಿದರು. ಆಯೋಗ ಅದನ್ನು ಒಪ್ಪಲಿಲ್ಲ. 1947ರ ಚುನಾವಣೆಯಲ್ಲಿ ಚೆಲ್ವನಾಯಕಂ ಇದೇ ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿ ಕಾಂಕೇಸಂತುರೈ ಕ್ಷೇತ್ರದಿಂದ ಗೆದ್ದು ಪಾರ್ಲಿಮೆಂಟನ್ನು ಪ್ರವೇಶಿಸಿದರು. ಆಗ ಅವರಿಗೆ 49 ವರ್ಷ ವಯಸ್ಸು.

1948ರ ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾಯಿತು. ಡಿ. ಎಸ್. ಸೇನಾನಾಯಕೆಯವರ ಯುನೈಟೆಡ್ ನ್ಯಾಷನಲ್ ಪಾರ್ಟಿಯ ಸರ್ಕಾರ ಅದೇ ವರ್ಷ ಪೌರತ್ವದ ಶಾಸನವನ್ನು ತಂದಿತು. ತಂದೆ ಅಥವಾ ಅಜ್ಜ ಮತ್ತು ಮುತ್ತಜ್ಜ ಸಿಲೋನಿನಲ್ಲೇ ಹುಟ್ಟಿದವರೆಂದು ತೋರಿಸಿದವರಿಗೆ ಪೌರತ್ವ. ತೋಟದ ಕೂಲಿಗಳ ಬಳಿ ಅಜ್ಜ ಮುತ್ತಜ್ಜರ ಜನನಪತ್ರಗಳು ಎಲ್ಲಿಂದ ಬರಬೇಕು? ಮುಂದಿನ ವರ್ಷ ಚುನಾವಣಾ ಶಾಸನವನ್ನೂ ತಿದ್ದಿ, ಪೌರರಲ್ಲದವರಿಗೆ ಮತವಿಲ್ಲವೆಂದು ಮಾಡಲಾಯಿತು. 1947ರಲ್ಲಿ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದ್ದ ಲಕ್ಷಾಂತರ ತೋಟದ ತಮಿಳರಿಗೆ 1952ರ ಪಾರ್ಲಿಮೆಂಟಿನಲ್ಲಿ ತಮ್ಮವರೆನ್ನುವ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಯಾವ ಜನಾಂಗಕ್ಕೂ ಪ್ರತ್ಯೇಕವಾಗಿ ಬಾಧಕವಾಗುವ ಶಾಸನವನ್ನು ಮಾಡಕೂಡದೆಂದು ಸೋಲ್ಬರಿ ರಾಜ್ಯಾಂಗದ 29ನೆಯ ವಿಧಿ ಹೇಳುತ್ತಿತ್ತು. ಆದರೂ 1953ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಈ ಶಾಸನಗಳನ್ನು ಎತ್ತಿಹಿಡಿಯಿತು.

ಪೊನ್ನಂಬಲಂ ಅವರು 1948ರಲ್ಲಿ ಸೇನಾನಾಯಕೆಯವರ ಮಂತ್ರಿಮಂಡಲವನ್ನು ಸೇರಿದರು. ಒಳಗಿದ್ದರೆ ಏನನ್ನಾದರೂ ಸಾಧಿಸಬಹುದೆಂಬುದು ಅವರ ವಾದ. ಚೆಲ್ವನಾಯಕಂ ಒಪ್ಪಲಿಲ್ಲ. ಇಂದು ತೋಟದ ತಮಿಳರಿಗೆ ಬಂದ ಗತಿ ನಾಳೆ ಭಾಷೆಯ ವಿಷಯದಲ್ಲಿ ತಮಗೂ ಬರುವುದೆಂದು ಅವರು ಎಚ್ಚರಿಸಿದರು. ಸಿ. ವನ್ನಿಯಸಿಂಗಂ, ಡಾಕ್ಟರ್ ಇ. ಎಂ. ವಿ. ನಾಗನಾಥನ್ ಮೊದಲಾದವರೊಡನೆ ಹೊರಬಂದು, 1949ರ ಡಿಸೆಂಬರ್ 18ರಂದು ಇಲಂಗೈ ತಮಿಳ್ ಅರಸು ಕಚ್ಚಿ ಎಂಬ ಪಕ್ಷವನ್ನು ಸ್ಥಾಪಿಸಿದರು. ಇಂಗ್ಲಿಷಿನಲ್ಲಿ ಇದಕ್ಕೆ ಫೆಡರಲ್ ಪಾರ್ಟಿ ಎಂದು ಹೆಸರು. ದೇಶವನ್ನು ಒಡೆಯಬಾರದು, ಆದರೆ ತಮಿಳರು ಹೆಚ್ಚಾಗಿರುವ ಉತ್ತರ ಮತ್ತು ಪೂರ್ವ ಭಾಗಗಳು ಒಂದು ಒಕ್ಕೂಟದೊಳಗೆ ತಮ್ಮ ಮನೆವಾರ್ತೆಯನ್ನು ತಾವೇ ನೋಡಿಕೊಳ್ಳುವಂತಿರಬೇಕು ಎಂಬುದು ಆ ಪಕ್ಷದ ಬೇಡಿಕೆ. ವಿಚಿತ್ರವೆಂದರೆ ಸಿಲೋನಿಗೆ ಒಕ್ಕೂಟ ಪದ್ಧತಿ ಬೇಕೆಂದು ಮೊದಲು ಹೇಳಿದವರು ಸಿಂಹಳೀಯರೇ. 1926ರಲ್ಲಿ ತರುಣ ಬಂಡಾರನಾಯಕೆಯವರೂ, ಅದರ ಮರುವರ್ಷ ಕ್ಯಾಂಡಿ ಸೀಮೆಯ ಮುಖಂಡರೂ ಇದನ್ನು ಸೂಚಿಸಿದ್ದರು.

ಹೊಸ ಪಕ್ಷದ ಮಾತನ್ನು ಮೊದಲು ತಮಿಳರೇ ಕೇಳಲಿಲ್ಲ. 1952ರ ಚುನಾವಣೆಯಲ್ಲಿ ಅದಕ್ಕೆ ದೊರೆತದ್ದು ಎರಡೇ ಸ್ಥಾನ. ಚೆಲ್ವನಾಯಕಂ ತಮ್ಮ ಕ್ಷೇತ್ರದಲ್ಲೇ ಆಡಳಿತ ಪಕ್ಷದ ಅಭ್ಯರ್ಥಿಯ ಎದುರು ಸೋತರು. ನಾನು ಈ ಸೋಲನ್ನು ಬಹು ಮುಖ್ಯವೆಂದು ಭಾವಿಸುತ್ತೇನೆ. ಸರ್ಕಾರದೊಡನೆ ಹೊಂದಿಕೊಂಡು ಹೋದರೆ ಕೆಲಸವಾಗುತ್ತದೆಂದು ಜಾಫ್ನದ ಮತದಾರನು ಅಂದು ನಂಬಿದ್ದನು. ಸ್ವಭಾವತಃ ಅವನು ಬಂಡಾಯದವನಲ್ಲ. ಅವನನ್ನು ಬದಲಾಯಿಸಿದ್ದು ಚೆಲ್ವನಾಯಕಂ ಅವರ ಭಾಷಣಕ್ಕಿಂತ ಹೆಚ್ಚಾಗಿ 1956ರ ಸರ್ಕಾರ ಬದಲಾವಣೆ.

ಆ ವರ್ಷ ಬಂಡಾರನಾಯಕೆಯವರು ಸಿಂಹಳವೊಂದೇ ರಾಜ್ಯಭಾಷೆಯೆಂಬ ಘೋಷಣೆಯೊಡನೆ ಚುನಾವಣೆಗೆ ನಿಂತರು. ಅದುವರೆಗೆ ಎರಡು ಭಾಷೆಗಳ ಮಾತನಾಡುತ್ತಿದ್ದ ಆಡಳಿತ ಪಕ್ಷವೂ ಹೆದರಿ ಅದೇ ಘೋಷಣೆಯನ್ನು ಹಿಡಿಯಿತು. ಆದರೂ ಎಂಟೇ ಸ್ಥಾನಗಳಿಗೆ ಇಳಿಯಿತು. ಇಲ್ಲಿ ಸಿಂಹಳ ಹಳ್ಳಿಗರ ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಇಂಗ್ಲಿಷ್ ಬಲ್ಲ ಕೆಲವೇ ಮಂದಿಯ ಕೈಯಲ್ಲಿ ದೇಶದ ಆಡಳಿತವಿತ್ತು; ಸರ್ಕಾರಿ ನೌಕರಿಗಳಲ್ಲಿ ಜಾಫ್ನದವರ ಪಾಲು ಅವರ ಸಂಖ್ಯೆಗಿಂತ ಹೆಚ್ಚಾಗಿತ್ತು. ತನ್ನ ಭಾಷೆಯಲ್ಲೇ ತನ್ನ ಸರ್ಕಾರ ನಡೆಯಬೇಕೆಂದು ಹಳ್ಳಿಯ ರೈತನು, ಶಾಲಾ ಮಾಸ್ತರನು ಬಯಸಿದ್ದು ತಪ್ಪಲ್ಲ. ಆದರೆ ಇಂಗ್ಲಿಷನ್ನು ಇಳಿಸಿದ ಜಾಗದಲ್ಲಿ ಎರಡು ಭಾಷೆಗಳನ್ನು ಕೂರಿಸುವುದಕ್ಕೆ ಬದಲಾಗಿ ಒಂದನ್ನೇ ಕೂರಿಸಿದರು. ಅದೇ ಚುನಾವಣೆಯಲ್ಲಿ ತಮಿಳರಸು ಪಕ್ಷ ಎರಡರಿಂದ ಹತ್ತು ಸ್ಥಾನಗಳಿಗೆ ಏರಿತು. ದಕ್ಷಿಣದಲ್ಲಿ ಒಂದು ಅಲೆ ಎದ್ದರೆ ಉತ್ತರದಲ್ಲಿ ಅದರ ಮಾರಲೆ ಏಳುವುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

1956ರ ಜೂನ್ 5ರಂದು ಭಾಷಾ ಮಸೂದೆ ಪಾರ್ಲಿಮೆಂಟಿಗೆ ಬಂದಾಗ, ಚೆಲ್ವನಾಯಕಂ ಮತ್ತು ಅವರ ಸಂಗಡಿಗರು ಪಾರ್ಲಿಮೆಂಟಿನ ಬಳಿಯ ಗಾಲ್ ಫೇಸ್ ಬಯಲಿನಲ್ಲಿ ಸತ್ಯಾಗ್ರಹಕ್ಕೆ ಕುಳಿತರು. ಗುಂಪುಗಳು ಬಂದು ಅವರನ್ನು ಹೊಡೆದವು. ಅವರು ತಿರುಗಿ ಕೈಯೆತ್ತಲಿಲ್ಲ. ಗಲಭೆ ಬೇರೆಡೆಗೂ ಹಬ್ಬಿತು. ಮಸೂದೆ ಶಾಸನವಾಯಿತು. ಆಗಸ್ಟಿನಲ್ಲಿ ಟ್ರಿಂಕೋಮಲಿಯಲ್ಲಿ ಸೇರಿದ ಪಕ್ಷದ ಅಧಿವೇಶನವು, ಒಂದು ವರ್ಷದೊಳಗೆ ಪರಿಹಾರ ದೊರೆಯದಿದ್ದರೆ ದೊಡ್ಡ ಸತ್ಯಾಗ್ರಹವನ್ನು ಹೂಡುವುದಾಗಿ ನಿರ್ಧರಿಸಿತು.

ಗಡುವು ಮುಗಿಯುವ ಮೊದಲೇ, 1957ರ ಜುಲೈ 26ರಂದು, ಬಂಡಾರನಾಯಕೆ ಮತ್ತು ಚೆಲ್ವನಾಯಕಂ ಒಂದು ಒಡಂಬಡಿಕೆಗೆ ಬಂದರು. ಚೆಲ್ವನಾಯಕಂ ಒಕ್ಕೂಟದ ಬೇಡಿಕೆಯನ್ನು ಬದಿಗಿಟ್ಟು ಪ್ರಾದೇಶಿಕ ಪರಿಷತ್ತುಗಳಿಗೆ ಒಪ್ಪಿದರು. ಉತ್ತರಕ್ಕೆ ಒಂದು, ಪೂರ್ವಕ್ಕೆ ಎರಡು ಅಥವಾ ಹೆಚ್ಚು ಪರಿಷತ್ತುಗಳು. ಅವುಗಳಿಗೆ ವ್ಯವಸಾಯ, ವಿದ್ಯಾಭ್ಯಾಸ, ಜಮೀನು ಹಂಚಿಕೆ, ಹೊಸ ವಸಾಹತು ಮೊದಲಾದ ವಿಷಯಗಳು. ಉತ್ತರ ಮತ್ತು ಪೂರ್ವದಲ್ಲಿ ತಮಿಳು ಆಡಳಿತ ಭಾಷೆ. ಜಮೀನಿನ ವಿಷಯ ಏಕೆ ಬಂತೆಂದರೆ, ಸರ್ಕಾರ ನೀರಾವರಿ ಯೋಜನೆಗಳನ್ನು ನಿರ್ಮಿಸಿ ಪೂರ್ವದ ಪ್ರದೇಶಗಳಿಗೆ ಸಿಂಹಳ ರೈತರನ್ನು ತಂದು ನೆಲೆಗೊಳಿಸುತ್ತಿತ್ತು. ಇದರಿಂದ ಕ್ಷೇತ್ರಗಳ ಜನಸಂಖ್ಯೆಯೇ ಬದಲಾಗುತ್ತಿತ್ತು. ಒಡಂಬಡಿಕೆ ಸಾಧಾರಣವಾದದ್ದೇ. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದು ಮಾಡಿಕೊಂಡದ್ದು.

ಆಗ ವಿರೋಧ ಪಕ್ಷದಲ್ಲಿದ್ದ ಜೆ. ಆರ್. ಜಯವರ್ಧನೆಯವರು ಇದನ್ನು ದೇಶವಿಭಜನೆ ಎಂದು ಕರೆದು, ಅಕ್ಟೋಬರಿನಲ್ಲಿ ಕೊಲಂಬೋದಿಂದ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಅದು ಇಂಬುಲ್‌ಗೊಡದ ಬಳಿ ನಿಂತಿತಾದರೂ ಬಿತ್ತಿದ ಬೀಜ ಮೊಳೆಯಿತು. 1958ರ ಏಪ್ರಿಲ್ 9ರಂದು ಬೌದ್ಧ ಭಿಕ್ಷುಗಳು ಪ್ರಧಾನ ಮಂತ್ರಿಗಳ ಮನೆಯ ಮುಂದೆ ಕುಳಿತರು. ಬಂಡಾರನಾಯಕೆಯವರು ಒಡಂಬಡಿಕೆಯನ್ನು ರದ್ದುಪಡಿಸಿದರು. ಮುಂದಿನ ತಿಂಗಳೇ ಭೀಕರವಾದ ಜನಾಂಗೀಯ ಗಲಭೆ. ನೂರಾರು ಜನ ಸತ್ತರು, ಸಾವಿರಾರು ತಮಿಳರನ್ನು ಹಡಗುಗಳಲ್ಲಿ ಜಾಫ್ನಕ್ಕೆ ಸಾಗಿಸಬೇಕಾಯಿತು. ತುರ್ತುಪರಿಸ್ಥಿತಿಯಲ್ಲಿ ತಮಿಳರಸು ಪಕ್ಷವನ್ನು ನಿಷೇಧಿಸಿ ಅದರ ನಾಯಕರನ್ನು ಬಂಧನದಲ್ಲಿಟ್ಟರು. 1959ರ ಸೆಪ್ಟೆಂಬರಿನಲ್ಲಿ ಬಂಡಾರನಾಯಕೆಯವರೇ ಒಬ್ಬ ಭಿಕ್ಷುವಿನ ಗುಂಡಿಗೆ ಬಲಿಯಾದರು.

1960ರ ವರ್ಷವಂತೂ ನಮ್ಮ ಪ್ರಶ್ನೆಗೆ ಕನ್ನಡಿ ಹಿಡಿದಂತಿದೆ. ಮಾರ್ಚಿನ ಚುನಾವಣೆಯಲ್ಲಿ ಯಾರಿಗೂ ಬಹುಮತವಿಲ್ಲ. ಡಡ್ಲಿ ಸೇನಾನಾಯಕೆಯವರ ಪಕ್ಷಕ್ಕೆ 50, ಬಂಡಾರನಾಯಕೆಯವರ ಶ್ರೀಲಂಕಾ ಫ್ರೀಡಂ ಪಾರ್ಟಿಗೆ 46, ಚೆಲ್ವನಾಯಕಂ ಅವರಿಗೆ 15. ತಕ್ಕಡಿಯ ಮುಳ್ಳು ಈ ಹದಿನೈದು ಮಂದಿಯ ಕೈಯಲ್ಲಿತ್ತು. ಡಡ್ಲಿಯವರು ಬೇಡಿಕೆಗಳನ್ನು ಒಪ್ಪದೆ ಮಂತ್ರಿಮಂಡಲ ರಚಿಸಿದರು. ಏಪ್ರಿಲಿನಲ್ಲಿ ತಮಿಳರಸು ಪಕ್ಷವೂ ವಿರುದ್ಧ ಮತ ಹಾಕಿ ಅದನ್ನು ಉರುಳಿಸಿತು. ಫ್ರೀಡಂ ಪಾರ್ಟಿಯವರು ಗೆದ್ದರೆ ಹಳೆಯ ಒಡಂಬಡಿಕೆಯ ದಾರಿಯಲ್ಲಿ ನಡೆಯುವರೆಂಬ ಭರವಸೆಯಿತ್ತು. ಜುಲೈ ತಿಂಗಳ ಚುನಾವಣೆಯಲ್ಲಿ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರು 75 ಸ್ಥಾನಗಳನ್ನು ಗೆದ್ದು, ಜಗತ್ತಿನ ಮೊದಲ ಮಹಿಳಾ ಪ್ರಧಾನ ಮಂತ್ರಿಯಾದರು. ಈಗ ಅವರಿಗೆ ತಮಿಳರ ಮತ ಬೇಕಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? 1961ರ ಜನವರಿ 1ರಿಂದ ಸಿಂಹಳವೊಂದೇ ಆಡಳಿತ ಭಾಷೆಯೆಂಬ ಶಾಸನವನ್ನು ದೇಶದಾದ್ಯಂತ ಜಾರಿಗೆ ತಂದರು.

ಅದೇ ಫೆಬ್ರವರಿ 20ರಂದು ಜಾಫ್ನದಲ್ಲಿ ಸತ್ಯಾಗ್ರಹ ಮೊದಲಾಯಿತು. ಅಲ್ಲಿ ಜಿಲ್ಲೆಯ ಆಡಳಿತ ಕಚೇರಿಗೆ ಕಚ್ಚೇರಿ ಎಂದೇ ಹೆಸರು. ನಮ್ಮ ಕಚೇರಿಯ ಮಾತೇ ಅದು. ಜನರು ಆ ಕಚೇರಿಗಳ ಬಾಗಿಲಲ್ಲಿ ಕುಳಿತು ವಾರಗಟ್ಟಲೆ ಉತ್ತರ ಮತ್ತು ಪೂರ್ವದ ಆಡಳಿತವನ್ನು ನಿಲ್ಲಿಸಿದರು. ಹೆಂಗಸರೂ ಬಂದು ಕುಳಿತರು. ಏಪ್ರಿಲಿನಲ್ಲಿ ಪಕ್ಷವು ತನ್ನದೇ ಅಂಚೆ ವ್ಯವಸ್ಥೆಯೊಂದನ್ನು ಆರಂಭಿಸಿ ಅಂಚೆಚೀಟಿಗಳನ್ನು ಮಾರಿತು. ಸರ್ಕಾರ ತುರ್ತುಪರಿಸ್ಥಿತಿಯನ್ನು ಸಾರಿ, ಸೈನ್ಯವನ್ನು ಕಳುಹಿಸಿ, ಪಕ್ಷದ ನಾಯಕರನ್ನು ಪಾನಗೊಡದ ಸೇನಾ ಶಿಬಿರದಲ್ಲಿ ಕೂಡಿಹಾಕಿತು.

1964ರಲ್ಲಿ ಇನ್ನೊಂದು ಒಪ್ಪಂದವಾಯಿತು. ಇದು ಎರಡು ದೇಶಗಳ ನಡುವಿನದು. ಶ್ರೀಮತಿ ಬಂಡಾರನಾಯಕೆಯವರೂ ನಮ್ಮ ಲಾಲ್ ಬಹಾದುರ್ ಶಾಸ್ತ್ರಿಯವರೂ, ಪೌರತ್ವವಿಲ್ಲದೆ ಉಳಿದಿದ್ದ 9,75,000 ತೋಟದ ತಮಿಳರಲ್ಲಿ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿದರು. ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಸಮನಾಗಿ ಹಂಚಿಕೊಂಡರು. ಆ ಜನರನ್ನು ಯಾರೂ ಕೇಳಲಿಲ್ಲವೆಂದು ಚೆಲ್ವನಾಯಕಂ ಅವರ ಪಕ್ಷ ಇದನ್ನು ವಿರೋಧಿಸಿತು. ಈ ಸಂಖ್ಯೆಗಳು ದೂರದವೆಂದು ನಾವು ತಿಳಿಯಬಾರದು. ಹಾಗೆ ಬಂದವರಲ್ಲಿ ಕೆಲವರಿಗೆ ನಮ್ಮ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸವನ್ನೂ ವಸತಿಯನ್ನೂ ಕೊಡಲಾಯಿತು. ಮುಂಜಾನೆ ಅಲ್ಲಿ ರಬ್ಬರ್ ಮರಗಳಿಂದ ಹಾಲು ಇಳಿಸುವ ಕೈಗಳ ಹಿಂದೆ, ಕೊಲಂಬೋದಲ್ಲಿ 1948ರಲ್ಲಿ ನಡೆದ ಒಂದು ಮತದಾನವಿದೆ.

1965ರ ಮಾರ್ಚಿನಲ್ಲಿ ಸರ್ಕಾರ ಮತ್ತೆ ಬದಲಾಯಿತು. ಡಡ್ಲಿಯವರಿಗೆ 66 ಸ್ಥಾನ ಬಂದರೂ ಬಹುಮತವಿರಲಿಲ್ಲ. ಚೆಲ್ವನಾಯಕಂ ಅವರ 14 ಸ್ಥಾನಗಳು ಬೇಕಾದವು. ಮಾರ್ಚ್ 24ರಂದು ಇನ್ನೊಂದು ಒಡಂಬಡಿಕೆ. ಉತ್ತರ, ಪೂರ್ವದಲ್ಲಿ ತಮಿಳು ಆಡಳಿತ, ಜಿಲ್ಲಾ ಪರಿಷತ್ತುಗಳು, ವಸಾಹತಿನ ಜಮೀನಿನಲ್ಲಿ ಆಯಾ ಜಿಲ್ಲೆಯ ಭೂಹೀನರಿಗೆ ಮೊದಲ ಹಕ್ಕು. 1957ರಲ್ಲಿ ಇದನ್ನು ದ್ರೋಹವೆಂದವರು ಈಗ ಸಹಿ ಮಾಡಿದರು. ಅಂದು ಸಹಿ ಮಾಡಿದವರ ಪಕ್ಷ ಈಗ ಇದನ್ನು ದ್ರೋಹವೆಂದಿತು. 1966ರ ಜನವರಿಯಲ್ಲಿ ತಮಿಳು ಭಾಷೆಯ ನಿಯಮಾವಳಿ ಬಂದಾಗ ವಿರೋಧ ಪಕ್ಷಗಳು ಕೊಲಂಬೋದಲ್ಲಿ ಮೆರವಣಿಗೆ ನಡೆಸಿದವು. ಪೊಲೀಸರ ಗುಂಡಿಗೆ ಒಬ್ಬ ಭಿಕ್ಷು ಬಲಿಯಾದರು. 1968ರಲ್ಲಿ ಜಿಲ್ಲಾ ಪರಿಷತ್ತಿನ ಮಸೂದೆಯನ್ನು ಸರ್ಕಾರ ಕೈಬಿಟ್ಟಿತು. ತಮಿಳರಸು ಪಕ್ಷದ ಕಡೆಯಿಂದ ಮಂತ್ರಿಯಾಗಿದ್ದ ಎಂ. ತಿರುಚೆಲ್ವಂ ಅದೇ ವರ್ಷ ರಾಜೀನಾಮೆ ಕೊಟ್ಟರು. ಚೆಲ್ವನಾಯಕಂ ಅವರಂತೂ ಜೀವಮಾನದಲ್ಲಿ ಎಂದೂ ಮಂತ್ರಿಪದವಿಯನ್ನು ಸ್ವೀಕರಿಸಲಿಲ್ಲ.

1970ರಲ್ಲಿ ಶ್ರೀಮತಿ ಬಂಡಾರನಾಯಕೆಯವರು ಎಡಪಕ್ಷಗಳೊಡನೆ ಸೇರಿ ಪ್ರಚಂಡ ಬಹುಮತದಿಂದ ಬಂದರು. 151 ಚುನಾಯಿತ ಸ್ಥಾನಗಳಲ್ಲಿ ಅವರ ಕೂಟಕ್ಕೆ 116. ಹೊಸ ರಾಜ್ಯಾಂಗ ರಚಿಸುವ ಹೊಣೆ, 1956ರಲ್ಲಿ ಸಿಂಹಳವೊಂದನ್ನೇ ಹೇರುವುದನ್ನು ಗಟ್ಟಿಯಾಗಿ ವಿರೋಧಿಸಿದ್ದ ಎಡಪಂಥೀಯ ನಾಯಕ ಡಾಕ್ಟರ್ ಕಾಲ್ವಿನ್ ಆರ್. ಡಿ ಸಿಲ್ವ ಅವರ ಕೈಗೆ ಬಂತು. ಅವರ ಕೈಯಿಂದಲೇ ಸಿಂಹಳವು ರಾಜ್ಯಾಂಗದ ಭಾಷೆಯಾಯಿತು, ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಬಂತು, 29ನೆಯ ವಿಧಿಯ ರಕ್ಷಣೆ ಬಿದ್ದುಹೋಯಿತು. ತಮ್ಮ ಸೂಚನೆಗಳೊಂದಕ್ಕೂ ಬೆಲೆಯಿಲ್ಲವೆಂದು ಕಂಡ ಚೆಲ್ವನಾಯಕಂ ತಮ್ಮ ಪಕ್ಷದೊಡನೆ 1971ರಲ್ಲಿ ರಾಜ್ಯಾಂಗ ಸಭೆಯಿಂದ ಹೊರನಡೆದರು. 1972ರ ಮೇ 22ರಂದು ಸಿಲೋನ್ ಶ್ರೀಲಂಕಾ ಗಣರಾಜ್ಯವಾಯಿತು.

ವಿದ್ಯಾರ್ಥಿಗಳಾದ ನಮಗೆ ನಾಟುವ ಇನ್ನೊಂದು ಸಂಗತಿ ಇದೇ ಕಾಲದ್ದು. ವೈದ್ಯಕೀಯ ತರಗತಿಯ ಪ್ರವೇಶಕ್ಕೆ 400 ಅಂಕಗಳಲ್ಲಿ ಸಿಂಹಳ ಮಾಧ್ಯಮದವರಿಗೆ 229 ಸಾಕು, ತಮಿಳು ಮಾಧ್ಯಮದವರಿಗೆ 250 ಬೇಕು ಎಂದಾಯಿತು. ಹಿಂದುಳಿದ ಹಳ್ಳಿಗಳಿಗೆ ಅವಕಾಶ ಕೊಡಬೇಕೆಂಬುದು ಒಳ್ಳೆಯ ಉದ್ದೇಶವೇ. ಆದರೆ ಅಳತೆಗೋಲು ಬಡತನವಾಗದೆ ಭಾಷೆಯಾದಾಗ, ವಿದ್ಯೆಯೊಂದನ್ನೇ ನಂಬಿದ್ದ ಊರಿನ ತರುಣರ ಮನಸ್ಸಿನಲ್ಲಿ ಏನು ಹುಟ್ಟಿರಬಹುದೆಂದು ಊಹಿಸಬಹುದು. ಅವರು ಮುದುಕರ ಸತ್ಯಾಗ್ರಹದ ಮಾತಿಗೆ ಕಿವಿಗೊಡುವುದನ್ನು ಬಿಡತೊಡಗಿದರು.

1972ರ ಮೇ ತಿಂಗಳಲ್ಲಿ ಪೊನ್ನಂಬಲಂ ಅವರ ತಮಿಳ್ ಕಾಂಗ್ರೆಸ್ಸೂ, ತೋಟದ ಕಾರ್ಮಿಕರ ನಾಯಕ ಎಸ್. ತೊಂಡಮಾನ್ ಅವರ ಸಂಸ್ಥೆಯೂ ತಮಿಳರಸು ಪಕ್ಷದೊಡನೆ ಒಂದೇ ರಂಗದಲ್ಲಿ ಸೇರಿದವು. ಕಾಲು ಶತಮಾನದ ಹಿಂದೆ ಅಗಲಿದ್ದವರು ಮತ್ತೆ ಕೂಡಿದರು. ಅಕ್ಟೋಬರಿನಲ್ಲಿ ಚೆಲ್ವನಾಯಕಂ ತಮ್ಮ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು, ಹೊಸ ರಾಜ್ಯಾಂಗವನ್ನು ತಮಿಳರು ಒಪ್ಪುವರೇ ಇಲ್ಲವೇ ಎಂಬುದನ್ನು ಉಪಚುನಾವಣೆಯಲ್ಲಿ ತೀರ್ಮಾನಿಸೋಣವೆಂದು ಸರ್ಕಾರಕ್ಕೆ ಸವಾಲು ಹಾಕಿದರು. ಸರ್ಕಾರ ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಚುನಾವಣೆಯನ್ನು ಮುಂದೂಡಿತು. ಕೊನೆಗೆ 1975ರ ಫೆಬ್ರವರಿಯಲ್ಲಿ ನಡೆದಾಗ, ರೋಗದಿಂದ ಜರ್ಜರಿತರಾಗಿದ್ದ ಆ ಮುದುಕರು 16,000ಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಒಕ್ಕೂಟವನ್ನು ಕೇಳಿ ಕೇಳಿ ಸೋತವರು, 1976ರ ಮೇ 14ರಂದು ವಟ್ಟುಕೋಟೆಯ ಅಧಿವೇಶನದಲ್ಲಿ ಪ್ರತ್ಯೇಕ ತಮಿಳು ರಾಜ್ಯದ ನಿರ್ಣಯಕ್ಕೆ ಅಧ್ಯಕ್ಷರಾಗಿ ನಿಂತರು. 1977ರ ಏಪ್ರಿಲ್ 26ರಂದು ತೀರಿಕೊಂಡರು.

ಅವರ ಬಾಳಿನಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಅಲ್ಪಸಂಖ್ಯಾತರೊಳಗೂ ಅಲ್ಪಸಂಖ್ಯಾತರಿರುತ್ತಾರೆ. 1968ರಲ್ಲಿ ಅವರದೇ ಕ್ಷೇತ್ರದ ಮಾವಿಟ್ಟಪುರಂ ದೇವಾಲಯದಲ್ಲಿ ದಲಿತರು ಪ್ರವೇಶಕ್ಕಾಗಿ ಹೋರಾಡಿದಾಗ, ಪಕ್ಷವು ಗಟ್ಟಿಯಾಗಿ ಅವರ ಪರ ನಿಲ್ಲಲಿಲ್ಲವೆಂಬ ಆಕ್ಷೇಪಣೆ ಇದೆ. ಪೂರ್ವದ ಮುಸ್ಲಿಮರ ವಿಶ್ವಾಸವನ್ನೂ ಪಕ್ಷ ಪೂರ್ತಿಯಾಗಿ ಗಳಿಸಲಿಲ್ಲ. ಅದರ ಹೆಸರಿನಲ್ಲಿ ಗೆದ್ದ ಕೆಲವು ಮುಸ್ಲಿಂ ಸದಸ್ಯರು ಆಡಳಿತ ಪಕ್ಷವನ್ನು ಸೇರಿದರು. ಪ್ರತ್ಯೇಕ ರಾಜ್ಯದ ಮಾತನ್ನು ಎತ್ತಿದ ಮೇಲೆ ಅದನ್ನು ಯಾವ ದಾರಿಯಿಂದ ಪಡೆಯಬೇಕೆಂಬುದನ್ನು ಅವರು ಹೇಳಿಹೋಗಲಿಲ್ಲ. ಆ ದಾರಿಯನ್ನು ಆರಿಸಿದವರು ಬಂದೂಕು ಹಿಡಿದ ಹುಡುಗರು.

ಮುಂದಿನ ಕತೆ ಎಲ್ಲರಿಗೂ ಗೊತ್ತಿದೆ. 1977ರ ಜುಲೈನಲ್ಲಿ ಜಯವರ್ಧನೆಯವರ ಪಕ್ಷ 168ರಲ್ಲಿ 140 ಸ್ಥಾನಗಳನ್ನು ಗೆದ್ದಿತು. ಚೆಲ್ವನಾಯಕಂ ಅವರ ಅನುಯಾಯಿಗಳು 18 ಸ್ಥಾನ ಪಡೆದು ಪ್ರಧಾನ ವಿರೋಧ ಪಕ್ಷವಾದರು. 1983ರಲ್ಲಿ ಪ್ರತ್ಯೇಕ ರಾಜ್ಯದ ಬೇಡಿಕೆಯನ್ನೇ ನಿಷೇಧಿಸುವ ತಿದ್ದುಪಡಿ ಬಂದಾಗ ಅವರು ಪ್ರಮಾಣವಚನ ಸ್ವೀಕರಿಸದೆ ಆ ಸ್ಥಾನಗಳನ್ನು ಕಳೆದುಕೊಂಡರು. ಅದೇ ವರ್ಷ ಹೊತ್ತಿದ ಯುದ್ಧ 2009ರ ಮೇ ತಿಂಗಳವರೆಗೆ ಉರಿಯಿತು. 1957ರಲ್ಲಿ ಪ್ರಾದೇಶಿಕ ಪರಿಷತ್ತಿನ ವಿರುದ್ಧ ಪಾದಯಾತ್ರೆ ಹೊರಟಿದ್ದ ಜಯವರ್ಧನೆಯವರೇ 1987ರಲ್ಲಿ ರಾಜೀವ್ ಗಾಂಧಿಯವರೊಡನೆ ಒಪ್ಪಂದ ಮಾಡಿಕೊಂಡು ಪ್ರಾಂತೀಯ ಪರಿಷತ್ತುಗಳನ್ನು ಸ್ಥಾಪಿಸಿದರು, ತಮಿಳಿಗೂ ರಾಜ್ಯಭಾಷೆಯ ಸ್ಥಾನ ಕೊಟ್ಟರು. ಆಗ ಅದನ್ನು ವಿರೋಧಿಸುವ ಸರದಿ ಶ್ರೀಮತಿ ಬಂಡಾರನಾಯಕೆಯವರದಾಗಿತ್ತು. ಮೂವತ್ತು ವರ್ಷಗಳ ಹಿಂದೆ ಒಂದು ಸಹಿಗೆ ದೊರೆಯಬಹುದಾಗಿದ್ದುದು ಸಾವಿರಾರು ಪ್ರಾಣಗಳಿಗೆ ದೊರೆಯಿತು. ತೋಟದ ತಮಿಳರಾದರೋ ಬೇರೆ ದಾರಿ ಹಿಡಿದರು. ತೊಂಡಮಾನ್ ಅವರು 1978ರಲ್ಲಿ ಜಯವರ್ಧನೆಯವರ ಮಂತ್ರಿಮಂಡಲ ಸೇರಿ, ಸರ್ಕಾರಗಳೊಡನೆ ಚೌಕಾಸಿ ಮಾಡುತ್ತ, ತಮ್ಮ ಜನರ ಪೌರತ್ವವನ್ನು ಹಂತಹಂತವಾಗಿ ಬಿಡಿಸಿಕೊಂಡರು. ಉಳಿದವರಿಗೆ ಅದು ದೊರೆತದ್ದು 2003ರ ಶಾಸನದಿಂದ.

ಹಾಗಾದರೆ ಚೆಲ್ವನಾಯಕಂ ಸೋತವರೇ? ಅವರ ಲೆಕ್ಕದ ಪುಸ್ತಕವನ್ನು ನೋಡಿದರೆ ಹಾಗೆಯೇ ತೋರುತ್ತದೆ: ಎರಡು ಒಡಂಬಡಿಕೆ, ಎರಡೂ ನೀರ ಮೇಲಣ ಬರಹ. ಆದರೆ ತಪ್ಪು ಅವರ ಸಹಿಯಲ್ಲಿತ್ತೆಂದು ನಾನು ಭಾವಿಸುವುದಿಲ್ಲ. ಸರ್ಕಾರಕ್ಕೆ ಬಹುಮತವಿಲ್ಲದಾಗ ಅವರ ಜನರಿಗೆ ಮಾತು ಸಿಕ್ಕಿತು, ಬಹುಮತವಿದ್ದಾಗ ಮಾತು ಹೋಯಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಹೊರಗಿದ್ದ ಪಕ್ಷಕ್ಕೆ ಆ ಮಾತನ್ನು ಮುರಿಯುವುದೇ ಅಧಿಕಾರಕ್ಕೆ ಮರಳುವ ಸುಲಭ ದಾರಿಯಾಯಿತು. ಎರಡು ಅಲಗುಗಳೂ ಎದುರೆದುರು ಚಲಿಸುತ್ತಿದ್ದವು, ನಡುವೆ ಸಿಕ್ಕಿದ್ದು ಅಡಕೆ. ಒಬ್ಬ ಪ್ರಧಾನ ಮಂತ್ರಿ ಕೊಟ್ಟುದನ್ನು ಇನ್ನೊಬ್ಬರು ಹಿಂತೆಗೆಯಬಹುದಾದರೆ ಅದು ಹಕ್ಕಲ್ಲ, ಅನುಗ್ರಹ. ಭಾಷೆ, ಭೂಮಿ, ಮತ ಇವು ಯಾರ ಅನುಗ್ರಹಕ್ಕೂ ಕಾಯಬಾರದೆಂಬುದನ್ನೇ ಅವರು ಆ ಮೆಲುದನಿಯಲ್ಲಿ 1949ರಿಂದ ಹೇಳುತ್ತ ಬಂದದ್ದು.

ಸಹಪಾಠಿಗಳೇ, ನಾವು ಭಾರತೀಯರು ಇದನ್ನು ಓದಿ ಬೀಗಬೇಕಾಗಿಲ್ಲ. ನಮ್ಮಲ್ಲಿ ಭಾಷೆಗಳಿಗೆ ರಾಜ್ಯಗಳು ದೊರೆತವು, 1956ರ ನವೆಂಬರ್ 1ರಂದು ಕನ್ನಡಿಗರಿಗೂ ದೊರೆಯಿತು. ಸಿಲೋನಿನಲ್ಲಿ ಸಿಂಹಳವೊಂದೇ ಎಂಬ ಶಾಸನ ಬಂದ ವರ್ಷವೂ ಅದೇ. ಒಂದೇ ವರ್ಷದಲ್ಲಿ ಎರಡು ನೆರೆಯ ದೇಶಗಳು ಎರಡು ದಾರಿಗಳನ್ನು ಹಿಡಿದವು. ಆದರೆ ನಮ್ಮ ಪ್ರತಿಯೊಂದು ರಾಜ್ಯದೊಳಗೂ ಬೇರೆ ಮಾತಿನವರು, ಬೇರೆ ನಂಬಿಕೆಯವರು, ಎಂದಿಗೂ ಐವತ್ತೊಂದಾಗಲಾರದವರು ಇದ್ದಾರೆ. ನಾವು ಮತ ಹಾಕುವ ದಿನ ನಮಗೆ ಏನು ಬೇಕೆಂಬುದನ್ನಷ್ಟೇ ಅಲ್ಲದೆ, ಸರ್ಕಾರ ಯಾವುದೇ ಬಂದರೂ ಅವರಿಂದ ಏನನ್ನು ಕಿತ್ತುಕೊಳ್ಳಕೂಡದು ಎಂಬುದನ್ನೂ ಯೋಚಿಸುವಂತಾದರೆ, ಈ ಚರಿತ್ರೆಯನ್ನು ಓದಿದ್ದು ಸಾರ್ಥಕ.